ಪೇಟಿ ಬರುತ್ತದೆ, ಐರಿಶ್ ಬಟನ್ ಅಕಾರ್ಡಿಯನ್ ಕಲಿಯಬೇಕು: ಬಿ/ಸಿ ತಗೊಳ್ಳಲಾ, ಸಿ ಶಾರ್ಪ್/ಡಿ ತಗೊಳ್ಳಲಾ?

ಲಿಮೆರಿಕ್ ಪೇಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವನು, ಸದ್ಯ ಕೆಲಸದ ಮೇಲೆ ಐರ್ಲೆಂಡಿನ ಲಿಮೆರಿಕ್‌ನಲ್ಲಿದ್ದೇನೆ. ಚಿಕ್ಕಂದಿನಿಂದ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತೇನೆ. ದೊಡ್ಡ ಕಲಾವಿದ ಏನಲ್ಲ. ಭಜನೆಗೆ, ಗಣಪತಿ ಹಬ್ಬದ ಕಾರ್ಯಕ್ರಮಕ್ಕೆ ಸಾಥ್ ಕೊಡುವಷ್ಟು ಬರುತ್ತದೆ, ಅಷ್ಟೇ.

ಇಲ್ಲಿನ ಪಬ್‌ಗಳಲ್ಲಿ ಸೆಷನ್ ಅಂತ ನಡೆಯುತ್ತದೆ. ವೇದಿಕೆ ಇಲ್ಲ, ಟಿಕೆಟ್ ಇಲ್ಲ, ಒಂದು ಮೂಲೆಯಲ್ಲಿ ಫಿಡಲ್, ಕೊಳಲು, ಬ್ಯಾಂಜೊ, ಬಟನ್ ಅಕಾರ್ಡಿಯನ್ ಹಿಡಿದುಕೊಂಡು ಕೂತು ಒಂದರ ಹಿಂದೆ ಒಂದು ಧಾಟಿ ನುಡಿಸುತ್ತಾ ಹೋಗುತ್ತಾರೆ. ಇಪ್ಪತ್ತರ ಹುಡುಗಿ ಪಕ್ಕದಲ್ಲಿ ಎಪ್ಪತ್ತರ ಅಜ್ಜ. ಯಾರ ಮುಂದೆಯೂ ಹಾಳೆ ಇರುವುದಿಲ್ಲ. ನನ್ನ ಕಣ್ಣು ಮಾತ್ರ ಅಕಾರ್ಡಿಯನ್ ಬಿಟ್ಟು ಕದಲುವುದಿಲ್ಲ. ಅದೂ ರೀಡ್ (ಗಾಳಿಗೆ ಮಿಡಿಯುವ ಲೋಹದ ನಾಲಿಗೆ) ವಾದ್ಯ, ನಮ್ಮ ಪೇಟಿಯೂ ರೀಡ್ ವಾದ್ಯ, ಹಾಗಾಗಿ ಸುಲಭ ಇರಬಹುದು ಅಂತ ಒಬ್ಬರದ್ದು ಕೇಳಿ ಇಸಕೊಂಡು ನೋಡಿದೆ. ಒಂದೇ ಬಟನ್ ಒತ್ತಿ ತಿದಿ ತಳ್ಳಿದರೆ ಒಂದು ಸ್ವರ, ಎಳೆದರೆ ಇನ್ನೊಂದು ಸ್ವರ! ತಲೆ ಗಿರ್ ಅಂದಿತು. ಆದರೂ ಬಿಡಲು ಮನಸ್ಸಿಲ್ಲ.

ಈಗ ವಿಷಯ ಏನೆಂದರೆ, ಇಲ್ಲಿ ಎರಡು ಥರದ ಪೆಟ್ಟಿಗೆ ಸಿಗುತ್ತವಂತೆ, ಬಿ/ಸಿ ಮತ್ತು ಸಿ ಶಾರ್ಪ್/ಡಿ. ಯಾರನ್ನು ಕೇಳಿದರೂ ತಾನು ನುಡಿಸುವುದೇ ಸರಿ ಅನ್ನುತ್ತಾರೆ. ಪೇಟಿ ಹಿನ್ನೆಲೆ ಇರುವವರಿಗೆ ಯಾವುದು ಒಳ್ಳೆಯದು? ಜೊತೆಗೆ, ಈಗ ನುಡಿಸುತ್ತಿರುವವರಲ್ಲಿ ಯಾರನ್ನು ಕೇಳಬೇಕು ಅಂತಲೂ ಹೇಳಿ. ನನಗೆ ಗೊತ್ತಿರುವುದು ಎಡ್ ಶೀರನ್‌ನ 'ಗಾಲ್ವೇ ಗರ್ಲ್' ಮಾತ್ರ. ಅದರಲ್ಲಿ ಶರೋನ್ ಶಾನನ್ ನುಡಿಸಿದ್ದಾರೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು, ನಿಜವಾ?

ಕ್ಲೇರ್ ಗಾಳಿ ಉತ್ತರಿಸಿದ್ದು:

ಮೊದಲು ಹಾಡಿನ ಗೊಂದಲ ಮುಗಿಸಿಬಿಡೋಣ. ಆ ಹೆಸರಿನ ಹಾಡು ಎರಡಿವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಅಮೆರಿಕದ ಸ್ಟೀವ್ ಅರ್ಲ್ 2000ದಲ್ಲಿ ತಂದ ಹಾಡಿನಲ್ಲಿ ಅಕಾರ್ಡಿಯನ್ ಶರೋನ್ ಶಾನನ್ ಅವರದು. ಶೀರನ್‌ನ ಹಾಡು 2017ರದ್ದು. ಅದರಲ್ಲಿ ಇರುವುದು ಉತ್ತರದ ಆಂಟ್ರಿಮ್ ಕಡೆಯ ಬ್ಯೋಗಾ ತಂಡ. ಆ ತಂಡದ ಮಜಾ ಏನೆಂದರೆ ಒಂದಲ್ಲ, ಎರಡು ಬಟನ್ ಅಕಾರ್ಡಿಯನ್ ಇವೆ. ಡೇಮಿಯನ್ ಮೆಕ್ಕೀ ಮತ್ತು ಶಾನ್ ಓಗ್ ಗ್ರೇಹಂ ಎದುರುಬದುರು ಕೂತು ನುಡಿಸುವುದನ್ನು ಕೇಳಿ. ಶೀರನ್ ಹಾಡು ಪಕ್ಕಕ್ಕಿಟ್ಟು ಅವರದೇ ಆಲ್ಬಂ ಕೇಳಿ, ಅಲ್ಲಿದೆ ನಿಜವಾದ ಸರಕು.

ಈಗ ಪೆಟ್ಟಿಗೆ ವಿಷಯ. ಪೇಟಿ ಭಾಷೆಯಲ್ಲೇ ಹೇಳುತ್ತೇನೆ. ಬಿ/ಸಿ ಅಂದರೆ ಎರಡು ಸಾಲು ಬಟನ್, ಹೊರಸಾಲು ಬಿಳಿ ಏಳು (ಬಿ), ಒಳಸಾಲು ಬಿಳಿ ಒಂದು (ಸಿ). ಸಿ ಶಾರ್ಪ್/ಡಿ ಅಂದರೆ ಹೊರಸಾಲು ಕರಿ ಒಂದು (ಸಿ ಶಾರ್ಪ್), ಒಳಸಾಲು ಬಿಳಿ ಎರಡು (ಡಿ). ಎರಡರಲ್ಲೂ ಸಾಲುಗಳ ನಡುವೆ ಅರ್ಧ ಸ್ವರದ ಅಂತರ, ಹಾಗಾಗಿ ಎರಡೂ ಸಾಲು ಸೇರಿದರೆ ಹನ್ನೆರಡು ಸ್ವರವೂ ಸಿಗುತ್ತವೆ. ಸಿಗುವ ಸ್ವರಗಳಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ತಿದಿ ಯಾವಾಗ ತಿರುಗುತ್ತದೆ ಅನ್ನುವುದರಲ್ಲಿ.

ಇಲ್ಲಿ ಸೆಷನ್‌ನಲ್ಲಿ ಜಾಸ್ತಿ ಧಾಟಿಗಳು ಬಿಳಿ ಎರಡರಲ್ಲಿ, ಇಲ್ಲವೇ ಬಿಳಿ ಐದರಲ್ಲಿ (ಜಿ) ಇರುತ್ತವೆ. ಬಿಳಿ ಎರಡನ್ನು ಷಡ್ಜ ಅಂತ ಹಿಡಿದು ಬಿಲಾವಲ್ (ಎಲ್ಲ ಶುದ್ಧ ಸ್ವರ) ಆರೋಹ ನುಡಿಸಿ ನೋಡಿ. ಸಿ ಶಾರ್ಪ್/ಡಿ ಪೆಟ್ಟಿಗೆಯಲ್ಲಿ ಸ ತಳ್ಳು, ರಿ ಎಳೆ, ಗ ತಳ್ಳು, ಮ ಎಳೆ, ಪ ತಳ್ಳು, ದ ಎಳೆ, ನಿ ಎಳೆ, ಮೇಲಿನ ಸ ತಳ್ಳು. ಎಲ್ಲವೂ ಒಂದೇ ಸಾಲಿನಲ್ಲಿ, ಆದರೆ ಒಂದು ಆರೋಹಕ್ಕೆ ತಿದಿ ಆರು ಸಲ ತಿರುಗಿತು. ಅದೇ ಬಿ/ಸಿ ಪೆಟ್ಟಿಗೆಯಲ್ಲಿ ಸ ಎಳೆ, ರಿ ಗ ಮ ಮೂರೂ ತಳ್ಳು, ಪ ದ ನಿ ಸ ನಾಲ್ಕೂ ಎಳೆ. ಎರಡೇ ತಿರುವು. ಆದರೆ ಗಾಂಧಾರಕ್ಕೂ ನಿಷಾದಕ್ಕೂ ಬೆರಳು ಹೊರಸಾಲಿಗೆ ಹಾರಬೇಕು.

ಇಷ್ಟರಲ್ಲೇ ಎರಡು ಶೈಲಿಯೂ ಅಡಗಿದೆ. ತಿದಿ ತಿರುಗಿದಾಗಲೆಲ್ಲ ಸ್ವರಕ್ಕೆ ಒಂದು ತಟ್ಟು ಬೀಳುತ್ತದೆ. ಆರು ಸಲ ತಿರುಗಿದರೆ ನಡಿಗೆ ಕುಣಿತದ ನಡಿಗೆ ಆಗುತ್ತದೆ. ಎರಡೇ ಸಲ ತಿರುಗಿದರೆ ಸ್ವರಗಳು ಜೋಡಿಕೊಂಡು ಹರಿಯುತ್ತವೆ, ಮಧ್ಯೆ ರೋಲ್, ತ್ರಿಪ್ಲೆಟ್ ಅಂತ ಅಲಂಕಾರ ತುಂಬುವುದಕ್ಕೆ ಜಾಗ ಸಿಗುತ್ತದೆ. 1950ರ ದಶಕದಲ್ಲಿ ಟಿಪ್ಪರೆರಿಯ ನೀನಾ ಹತ್ತಿರದ ಪ್ಯಾಡಿ ಓ'ಬ್ರಿಯನ್ ಅನ್ನುವವರು ಬಿ/ಸಿಯಲ್ಲಿ ಫಿಡಲ್‌ನವರಷ್ಟೇ ನಯವಾಗಿ ರೀಲ್ ಅನ್ನುವ ಕುಣಿತದ ಧಾಟಿಗಳನ್ನು ನುಡಿಸಿ ರೆಕಾರ್ಡ್ ಮಾಡಿದರು. ಅದಾದ ಮೇಲೆ ದೇಶಕ್ಕೆ ದೇಶವೇ ಬಿ/ಸಿ ಕಡೆ ತಿರುಗಿತು. ಗಾಲ್ವೇಯ ಜೋ ಬರ್ಕ್ ಆ ದಾರಿಯವರೇ, 2021ರಲ್ಲಿ ತೀರಿಕೊಂಡರು. ಶರೋನ್ ಶಾನನ್, ಮಾರ್ಟಿನ್ ಓ'ಕಾನರ್ ಕೂಡ ಬಿ/ಸಿಯವರೇ.

ನನ್ನ ಅಭಿಪ್ರಾಯ ಬಿ/ಸಿ. ನೀವು ಇರುವ ಲಿಮೆರಿಕ್, ಪಕ್ಕದ ಕ್ಲೇರ್, ಗಾಲ್ವೇ ಎಲ್ಲ ಕಡೆ ಮೇಷ್ಟ್ರುಗಳು ಜಾಸ್ತಿ ಕಲಿಸುವುದು ಇದನ್ನೇ. ಕಲಿಸುವವರು ಹತ್ತಿರ ಇರುವುದು ಮುಖ್ಯ ಅಲ್ವಾ?

ಮಲ್ಲೇಶ್ವರಂ ಆರ್ಕೆಸ್ಟ್ರಾ ಉತ್ತರಿಸಿದ್ದು:

ಒಂದು ದಡ್ಡ ಪ್ರಶ್ನೆ. ಪೇಟಿ ಬರುತ್ತದೆ ಅಂದ ಮೇಲೆ ಪಿಯಾನೊ ಅಕಾರ್ಡಿಯನ್ ಯಾಕೆ ಬೇಡ? ಅದೇ ಬಿಳಿ, ಅದೇ ಕರಿ. ತಳ್ಳಿದರೂ ಎಳೆದರೂ ಅದೇ ಸ್ವರ. ನಾನು ಆರ್ಕೆಸ್ಟ್ರಾದಲ್ಲಿ ಹಳೆಯ ಹಿಂದಿ ಹಾಡಿಗೆ, ಕನ್ನಡ ಹಾಡಿಗೆ ಅದನ್ನೇ ನುಡಿಸಿದವನು, ಪೇಟಿಯಿಂದಲೇ ಅದಕ್ಕೆ ಹೋದವನು. ಬೆರಳು ಮೊದಲ ದಿನವೇ ಕೂತಿತ್ತು. ಎಡಗೈ ಬೇಸ್ ಬಟನ್‌ಗಳಿಗೆ ಸ್ವಲ್ಪ ಒದ್ದಾಡಬೇಕು, ಹೆಗಲು ನೋಯುತ್ತದೆ, ಅಷ್ಟೇ. ಗುಡಿ ಸೀರ್ವಾಯ್, ಎನಾಕ್ ಡೇನಿಯಲ್ಸ್, ಕೆರ್ಸಿ ಲಾರ್ಡ್ ಥರದವರು ಮುಂಬೈನಲ್ಲಿ ನುಡಿಸಿದ್ದು ಕೇಳಿ ಬೆಳೆದವರಿಗೆ ಅಕಾರ್ಡಿಯನ್ ಅಂದರೆ ಅದೇ. ಗೊತ್ತಿರುವುದನ್ನು ಬಿಟ್ಟು ಅ ಆ ಇ ಈ ಯಾಕೆ ಮತ್ತೆ ಶುರು ಮಾಡಬೇಕು?

ಕಾರ್ಕ್ ಕಾವೇರಿ ಉತ್ತರಿಸಿದ್ದು:

ದಡ್ಡ ಪ್ರಶ್ನೆ ಏನಲ್ಲ ಸರ್. ಇಲ್ಲಿ ಪಿಯಾನೊ ಅಕಾರ್ಡಿಯನ್ ನುಡಿಸುವ ಒಳ್ಳೆಯವರೂ ಇದ್ದಾರೆ. ರಾಸ್‌ಕಾಮನ್‌ನ ಅಲನ್ ಕೆಲ್ಲಿ ಕೇಳಿ, ಬೆರಳುಗಳು ಎಷ್ಟು ಹಗುರ ಅಂದರೆ ವಾದ್ಯದ ತೂಕವೇ ಮರೆತುಹೋಗುತ್ತದೆ. ಆದರೆ ಸೆಷನ್‌ಗೆ ದೊಡ್ಡ ಪಿಯಾನೊ ಅಕಾರ್ಡಿಯನ್ ಹೊತ್ತು ತಂದರೆ ಕೆಲವರ ಹುಬ್ಬು ಮೇಲೇರುವುದು ನಿಜ. ಎಡಗೈ ಬೇಸ್ ಪೂರ್ತಿ ತೆರೆದು ನುಡಿಸಿದರೆ ಪಕ್ಕದ ಕೊಳಲು ಕೇಳಿಸುವುದೇ ಇಲ್ಲ. ಎರಡು ಸಾಲಿನ ಬಟನ್ ಪೆಟ್ಟಿಗೆ ನಾಲ್ಕೈದು ಕಿಲೋ, ಮಡಿಲಲ್ಲಿ ಕೂರುತ್ತದೆ, ಎಡಗೈಗೆ ಸಾಮಾನ್ಯವಾಗಿ ಎಂಟೇ ಬೇಸ್ ಬಟನ್. ಅದರಲ್ಲೂ ಅರ್ಧ ಜನ ಅವನ್ನು ಮುಟ್ಟುವುದೇ ಇಲ್ಲ!

ನಾನು ಬಂದಿದ್ದು ಕ್ಲೇರ್ ಗಾಳಿಯವರ ಜೊತೆ ಜಗಳ ಆಡುವುದಕ್ಕೆ 😀

ಮೇಷ್ಟ್ರು ಹತ್ತಿರ ಇದ್ದಾರೆ ಅಂತ ಬಿ/ಸಿ ತಗೊಳ್ಳಿ ಅನ್ನುವುದು ಒಪ್ಪುವಂಥದ್ದಲ್ಲ. ಲಿಮೆರಿಕ್‌ನಿಂದ ತೆಂಕಣಕ್ಕೆ ಇಳಿದರೆ ಕಾರ್ಕ್ ಮತ್ತು ಕೆರಿ ಗಡಿಯಲ್ಲಿ ಶ್ಲೀವ್ ಲೂಕ್ರಾ ಅಂತ ಒಂದು ಸೀಮೆ ಇದೆ. ಊರು ಅಲ್ಲ, ಸೀಮೆ. ಹುಲ್ಲು, ಜವುಗು ನೆಲ, ಚದುರಿದ ಮನೆಗಳು. ಅಲ್ಲಿ ರೀಲ್‌ಗಿಂತ ಪೋಲ್ಕಾ ಮತ್ತು ಸ್ಲೈಡ್ ಅನ್ನುವ ಕುಣಿತದ ಧಾಟಿಗಳು ಜಾಸ್ತಿ, ಯಾಕೆಂದರೆ ಅಲ್ಲಿನ ಸಂಗೀತ ಇವತ್ತಿಗೂ ಸೆಟ್ ಡ್ಯಾನ್ಸ್‌ಗೆ ಅಂಟಿಕೊಂಡಿದೆ. ನಾಲ್ಕು ಜೋಡಿ ಎದುರುಬದುರು ನಿಂತು ಕುಣಿಯುತ್ತಾರೆ, ವಾದ್ಯದವರ ಕಣ್ಣು ಕುಣಿಯುವವರ ಪಾದದ ಮೇಲೆ. ಪ್ಯಾಟ್ರಿಕ್ ಓ'ಕೀಫ್ ಅಂತ ಒಬ್ಬ ಫಿಡಲ್ ಮೇಷ್ಟ್ರು ಮನೆಮನೆಗೆ ನಡೆದು ಹೋಗಿ ಪಾಠ ಹೇಳುತ್ತಿದ್ದರು, 1963ರಲ್ಲಿ ತೀರಿಕೊಂಡರು. ಅವರ ಶಿಷ್ಯ ಡೆನಿಸ್ ಮರ್ಫಿ ಫಿಡಲ್, ಜಾನಿ ಓ'ಲಿಯರಿ ಅಕಾರ್ಡಿಯನ್, ಇಬ್ಬರೂ ನಾಕ್‌ನಗ್ರೀ ಅನ್ನುವ ಹಳ್ಳಿಯ ಡಾನ್ ಓ'ಕಾನೆಲ್ ಪಬ್‌ನಲ್ಲಿ ವರ್ಷಗಟ್ಟಲೆ ಕುಣಿತಕ್ಕೆ ನುಡಿಸಿದರು. ಓ'ಲಿಯರಿ ಅವರದು ತಳ್ಳು-ಎಳೆ ಶೈಲಿ, ಅಂದರೆ ತಿದಿ ಪದೇ ಪದೇ ತಿರುಗಿಸುವುದು. ಕೇಳಿದರೆ ನೀವೇ ಕಾಲು ತಟ್ಟುತ್ತೀರಿ, ಯಾರೂ ಹೇಳಬೇಕಾಗಿಲ್ಲ.

ಹಳೆ ಕಥೆ ಅಂದುಕೊಳ್ಳಬೇಡಿ. ಜಾನಿ ಅವರ ಮೊಮ್ಮಗ ಬ್ರಯನ್ ಓ'ಲಿಯರಿ ಈಗ ನುಡಿಸುತ್ತಿದ್ದಾರೆ, ಅದೇ ಪೋಲ್ಕಾ, ಅದೇ ಸ್ಲೈಡ್. 2014ರಲ್ಲಿ ಐರಿಶ್ ಭಾಷೆಯ ಟಿವಿ ಚಾನೆಲ್ ಟಿಜಿ4 ಕೊಡುವ ಯುವ ಸಂಗೀತಗಾರ ಪ್ರಶಸ್ತಿ ಅವರಿಗೆ ಬಂತು. ಜಾಕಿ ಡೇಲಿ ಅಂತೂ ಬೇಕೇ ಬೇಕು. ಕಾರ್ಕ್‌ನ ಕಾಂಟರ್ಕ್‌ನವರು, ಡೆ ಡ್ಯಾನನ್, ಪ್ಯಾಟ್ರಿಕ್ ಸ್ಟ್ರೀಟ್ ತಂಡಗಳಲ್ಲಿ ಇದ್ದವರು, ಸಿ ಶಾರ್ಪ್/ಡಿ ಪೆಟ್ಟಿಗೆಗೆ ಮತ್ತೆ ಮರ್ಯಾದೆ ತಂದುಕೊಟ್ಟವರು. ಶೇಮಸ್ ಕ್ರೇ ಅವರ ಫಿಡಲ್ ಜೊತೆ 1977ರಲ್ಲಿ ಮಾಡಿದ ಆಲ್ಬಂ ಹಾಕಿಕೊಂಡು ಕೂತರೆ ಎರಡು ವಾದ್ಯ ಎಲ್ಲಿ ಬೇರೆ ಆಗುತ್ತವೆ ಅಂತ ಹುಡುಕಬೇಕು.

ನಿಮಗೆ ಕುಣಿತದ ಸಂಗೀತ ಇಷ್ಟ ಆದರೆ ಸಿ ಶಾರ್ಪ್/ಡಿ. ಮೇಷ್ಟ್ರು ಬಸ್ಸಿನಲ್ಲಿ ಹೋದರೂ ಸಿಗುತ್ತಾರೆ.

ಕ್ಲೇರ್ ಗಾಳಿ ಉತ್ತರಿಸಿದ್ದು:

ಕಾವೇರಿ ಅವರೇ, ಜಗಳ ಸ್ವೀಕರಿಸಿದೆ. ಬಿ/ಸಿಯಲ್ಲಿ ಕುಣಿತ ಇಲ್ಲ ಅನ್ನುವ ಹಾಗೆ ಬರೆದಿರಲ್ಲ, ಅದೊಂದು ಒಪ್ಪುವುದಿಲ್ಲ. ಶರೋನ್ ಶಾನನ್ ಪೋಲ್ಕಾ ಹಿಡಿದರೆ ಸುಮ್ನೆ ಕೂರುವವರು ಯಾರು? ಅವರು 1989ರಲ್ಲಿ ವಾಟರ್‌ಬಾಯ್ಸ್ ಅನ್ನುವ ರಾಕ್ ತಂಡ ಸೇರಿದಾಗ ಇಪ್ಪತ್ತೊಂದರ ಆಸುಪಾಸಿನ ಕ್ಲೇರ್ ಹುಡುಗಿ. 1991ರ ಮೊದಲ ಆಲ್ಬಂ ಬಂದ ಮೇಲೆ ಈ ವಾದ್ಯ ಹಳ್ಳಿಯ ಮುದುಕರದ್ದು ಅನ್ನುವ ಮಾತೇ ನಿಂತುಹೋಯಿತು. ಅವರು ಪೋರ್ಚುಗೀಸ್ ಧಾಟಿ, ಕೆನಡಾದ ಧಾಟಿ, ರೆಗೆ ಎಲ್ಲ ಬೆರೆಸುತ್ತಾರೆ, ಆದರೆ ಜಿಗ್ ಅನ್ನುವ ಒಂದು ಹಳೆಯ ಕುಣಿತದ ಧಾಟಿ ಹಿಡಿದರೆ ಅಪ್ಪಟ ಕ್ಲೇರ್. ಅಂಥವರನ್ನು ಕೇಳುವಾಗ ಬೆರಳು ನೋಡಬೇಡಿ, ಎಡ ಮಣಿಕಟ್ಟು ನೋಡಿ. ತಿದಿ ಎಷ್ಟು ಕಡಿಮೆ ತೆರೆಯುತ್ತದೆ ಅಂತ ಗಮನಿಸಿ. ಹೊಸಬರು ಪೂರ್ತಿ ಹಿಗ್ಗಿಸಿ ಗಾಳಿ ಸಾಲದೆ ಸಿಕ್ಕಿಕೊಳ್ಳುತ್ತಾರೆ. ಎಡ ಹೆಬ್ಬೆರಳ ಹತ್ತಿರ ಗಾಳಿ ಬಟನ್ ಅಂತ ಒಂದು ಇರುತ್ತದೆ, ಸದ್ದಿಲ್ಲದೆ ಗಾಳಿ ಬಿಡುವುದಕ್ಕೆ, ತುಂಬಿಕೊಳ್ಳುವುದಕ್ಕೆ. ಮೊದಲ ತಿಂಗಳು ಕಲಿಯಬೇಕಾದ್ದು ಅದೊಂದೇ ಅಂದರೂ ತಪ್ಪಿಲ್ಲ.

ಧಾರವಾಡ ಶ್ರೋತೃ ಉತ್ತರಿಸಿದ್ದು:

ನಾನು ಅಕಾರ್ಡಿಯನ್ ಮುಟ್ಟಿದವನೂ ಅಲ್ಲ, ಐರ್ಲೆಂಡ್ ನೋಡಿದವನೂ ಅಲ್ಲ, ಬರೀ ಕೇಳುವವನು. ಆದರೆ ಈ ಹುಬ್ಬೇರಿಸುವ ವಿಷಯ ಬಂತಲ್ಲ, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು.

ನಮ್ಮಲ್ಲಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹಾಕಿತು. ತೆಗೆದದ್ದು 1971ರಲ್ಲಿ. ಮೂವತ್ತೊಂದು ವರ್ಷ! ಪರದೇಶಿ ಪೆಟ್ಟಿಗೆ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಶ್ರುತಿ ಕಟ್ಟಿಹಾಕಿದ್ದು, ನಮ್ಮ ರಾಗದ ಸೂಕ್ಷ್ಮ ಹಾಳು ಮಾಡುತ್ತದೆ ಅನ್ನುವುದು ವಾದ. ಇದರಲ್ಲಿ ಸುಳ್ಳು ಏನೂ ಇಲ್ಲ, ಮೀಂಡ್ ಬರುವುದಿಲ್ಲ ನಿಜ. ಆದರೆ ಅಷ್ಟೂ ವರ್ಷ ಊರೂರಿನ ಮೆಹಫಿಲ್‌ಗಳಲ್ಲಿ, ಕಂಪನಿ ನಾಟಕಗಳಲ್ಲಿ ಪೇಟಿ ಇಲ್ಲದೆ ಒಂದು ದಿನ ನಡೆಯಿತೇ? ಬೆಳಗಾವಿಯ ಪಂಡಿತ್ ರಾಮಭಾವು ಬಿಜಾಪುರೆ ಅವರು ಎಷ್ಟು ಹಿರಿಯ ಗಾಯಕರಿಗೆ ಸಾಥ್ ಕೊಟ್ಟರು, ಸೋಲೊ ನುಡಿಸಿದರು. ರೇಡಿಯೊ ಬೇಡ ಅಂದದ್ದನ್ನು ಜನ ಬೇಕು ಅಂದರು.

ಐರ್ಲೆಂಡಿನಲ್ಲೂ ಹೆಚ್ಚುಕಮ್ಮಿ ಇದೇ ಆಗಿದೆ. ಶಾನ್ ಓ ರಿಯಾಡಾ ಅಂತ ಅಲ್ಲಿನ ದೊಡ್ಡ ಸಂಯೋಜಕ. 1962ರಲ್ಲಿ ರೇಡಿಯೊದಲ್ಲಿ ಐರಿಶ್ ಸಂಗೀತದ ಬಗ್ಗೆ ಸರಣಿ ಉಪನ್ಯಾಸ ಕೊಟ್ಟಾಗ ಅಕಾರ್ಡಿಯನ್ ಮೇಲೆ ಸರಿಯಾಗಿ ಹರಿಹಾಯ್ದರು. ಹೊರಗಿನಿಂದ ಬಂದ ವಾದ್ಯ, ನಮ್ಮ ಹಾಡಿನ ಗುಣ ಇದಕ್ಕಿಲ್ಲ ಅನ್ನುವ ಧಾಟಿ. ತಮಾಷೆ ಏನು ಗೊತ್ತಾ, ಅವರೇ ಕಟ್ಟಿದ ಕ್ಯೋಲ್ತೋರಿ ಕೂಲನ್ ತಂಡದಲ್ಲಿ ಸೋನಿ ಬ್ರೋಗನ್ ಅನ್ನುವವರು ಅಕಾರ್ಡಿಯನ್ ನುಡಿಸುತ್ತಿದ್ದರು. ಬಾಯಲ್ಲಿ ಬೈಗುಳ, ಪಕ್ಕದಲ್ಲೇ ಕುರ್ಚಿ.

ಎರಡೂ ವಾದ್ಯ ಹೊರಗಿನಿಂದ ಬಂದವೇ. 1829ರಲ್ಲಿ ವಿಯೆನ್ನಾದಲ್ಲಿ ಸಿರಿಲ್ ಡೆಮಿಯನ್ ಅಕಾರ್ಡಿಯನ್ ಹೆಸರಿನಲ್ಲಿ ಪೇಟೆಂಟ್ ತಗೊಂಡರು. ಆಮೇಲೆ ಅಗ್ಗದ ಜರ್ಮನ್ ಮೆಲೋಡಿಯನ್‌ಗಳು (ಒಂದೇ ಸಾಲು ಬಟನ್‌ನ ಅಕಾರ್ಡಿಯನ್) ಐರ್ಲೆಂಡಿನ ಹಳ್ಳಿಗೆ ಬಂದವು. ಬೆಲೆ ಕಡಿಮೆ, ಸದ್ದು ಜೋರು, ಮಳೆ ಚಳಿಗೆ ತಂತಿ ಸಡಿಲ ಆಗುವ ತಾಪತ್ರಯ ಇಲ್ಲ. ಒಂದೇ ವಾದ್ಯ ಒಂದು ಮನೆಯ ಕುಣಿತಕ್ಕೆ ಸಾಕಾಗುತ್ತಿತ್ತು. ಜನ ಸೇರಿಸಿಕೊಂಡದ್ದು ಇಂಥ ಕಾರಣಕ್ಕೆ. ಶುದ್ಧ ಅಶುದ್ಧ ಆಮೇಲಿನ ಮಾತು.

ಲಿಮೆರಿಕ್ ಪೇಟಿ ಉತ್ತರಿಸಿದ್ದು:

ಎಲ್ಲರಿಗೂ ಧನ್ಯವಾದ, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಆಕಾಶವಾಣಿ ನಿಷೇಧದ ಕಥೆ ನಮ್ಮ ಗುರುಗಳು ಸಿಟ್ಟಿನಿಂದ ಹೇಳುತ್ತಿದ್ದರು. ಐರ್ಲೆಂಡಿನ ಅರ್ಧ ಈಗ ಗೊತ್ತಾಯಿತು.

ಜಾಕಿ ಡೇಲಿ ಮತ್ತು ಜೋ ಬರ್ಕ್ ಇಬ್ಬರನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ಸಮಸ್ಯೆ ಏನೆಂದರೆ ಎರಡೂ ಇಷ್ಟ ಆದವು. ಆದರೆ ಕಿವಿ ಪದೇ ಪದೇ ಡೇಲಿ ಕಡೆಗೇ ಹೋಗುತ್ತಿದೆ. ನಮ್ಮ ಕಡೆ ಭಜನೆಯಲ್ಲಿ ದ್ರುತ್ (ವೇಗದ ಲಯ) ಹಿಡಿದಾಗ ಪೇಟಿಯವರು ತಿದಿಯಿಂದಲೇ ಒಂದು ತಟ್ಟು ಕೊಡುತ್ತಾರಲ್ಲ, ಅದು ನೆನಪಾಗುತ್ತದೆ.

ಇನ್ನೊಂದು ಸಂಶಯ. ಈ ಧಾಟಿಗಳನ್ನು ರಾಗದ ಲೆಕ್ಕದಲ್ಲಿ ಹಿಡಿದರೆ ನೆನಪು ಇಟ್ಟುಕೊಳ್ಳುವುದು ಸುಲಭವಾ? ಒಂದು ರೀಲ್ ಕೇಳಿದಾಗ ಖಮಾಜ್ ಅನ್ನಿಸಿತು. ಮತ್ತೆ ಸೆಷನ್‌ನಲ್ಲಿ ಕೂರುವುದು ಹೇಗೆ? ಕೇಳಬೇಕಾ, ಹಾಗೇ ಹೋಗಿ ಕೂತುಬಿಡಬಹುದಾ?

ಕ್ಲೇರ್ ಗಾಳಿ ಉತ್ತರಿಸಿದ್ದು:

ಥಾಟ್ (ಏಳು ಸ್ವರಗಳ ಗುಂಪು) ಲೆಕ್ಕ ಹಿಡಿಯಿರಿ, ರಾಗದ ಲೆಕ್ಕ ಬೇಡ. ಇಲ್ಲಿನ ಧಾಟಿಗಳಲ್ಲಿ ಜಾಸ್ತಿ ಬಿಲಾವಲ್ ಥಾಟಿನ ಸ್ವರಗಳು, ಆಮೇಲೆ ಖಮಾಜ್, ಕಾಫಿ, ಸ್ವಲ್ಪ ಅಸಾವರಿ. ಈ ನಾಲ್ಕರಲ್ಲಿ ಹೆಚ್ಚುಕಮ್ಮಿ ಎಲ್ಲ ಬಂತು. ಕೋಮಲ ನಿಷಾದ ಎಲ್ಲಿ ಬರುತ್ತದೆ, ಶುದ್ಧ ಎಲ್ಲಿ ಬರುತ್ತದೆ ಅಂತ ಪೇಟಿಯವರ ಕಿವಿಗೆ ತಕ್ಷಣ ಗೊತ್ತಾಗುತ್ತದೆ, ಇದೇ ನಿಮ್ಮ ದೊಡ್ಡ ಅನುಕೂಲ. ಆದರೆ ಖಮಾಜ್ ಅಂತ ಮನಸ್ಸಿನಲ್ಲಿ ಕೂರಿಸಿಕೊಂಡು ಅದರ ಚಲನ್ (ರಾಗದ ನಡೆ) ತಂದರೆ ಕೆಟ್ಟಿತು. ಇಲ್ಲಿ ವಿಸ್ತಾರ ಇಲ್ಲ, ಆಲಾಪ ಇಲ್ಲ. ತಾಳದ ಎಂಟು ಆವರ್ತನದಷ್ಟು ಉದ್ದದ ಒಂದು ಭಾಗ ಎರಡು ಸಲ, ಇನ್ನೊಂದು ಭಾಗ ಎರಡು ಸಲ, ಹೀಗೆ ಇಡೀ ಧಾಟಿ ಎರಡು ಮೂರು ಸುತ್ತು, ಆಮೇಲೆ ನಿಲ್ಲಿಸದೆ ಮುಂದಿನ ಧಾಟಿಗೆ ಹಾರುವುದು. ಹಾರುವ ಕ್ಷಣ ಇದೆಯಲ್ಲ, ಬಿಳಿ ಐದರಿಂದ ಬಿಳಿ ಎರಡಕ್ಕೆ ಜಿಗಿಯುತ್ತಾರಲ್ಲ, ಕೂತವರ ಮುಖದಲ್ಲಿ ಒಂದು ಬೆಳಕು ಬರುತ್ತದೆ. ಸೊಗಸು ಅಲ್ಲಿದೆ. ಲಯಕ್ಕೆ ಬಂದರೆ ಜಿಗ್ ದಾದರಾ ತಾಳದ ಹತ್ತಿರ, ರೀಲ್ ಕೆಹರವಾ ತಾಳದ ಹತ್ತಿರ ಅಂತ ಶುರುವಿಗೆ ಇಟ್ಟುಕೊಳ್ಳಬಹುದು, ತೂಕ ಬೀಳುವ ಜಾಗ ಮಾತ್ರ ಬೇರೆ, ಅದು ಕೇಳಿ ಕೇಳಿಯೇ ಬರಬೇಕು.

ಸೆಷನ್‌ಗೆ ಮೊದಲ ದಿನ ವಾದ್ಯ ಇಲ್ಲದೆ ಹೋಗಿ. ಪಕ್ಕದ ಮೇಜಿನಲ್ಲಿ ಕೂತು ಕೇಳಿ. ಎರಡನೇ ಸಲ ವಾದ್ಯ ತಂದರೂ ಚೀಲದಲ್ಲೇ ಇರಲಿ, ಅವರೇ ಕರೆಯುತ್ತಾರೆ. ಗೊತ್ತಿಲ್ಲದ ಧಾಟಿಗೆ ಹುಡುಕಿಕೊಂಡು ಜೊತೆ ನುಡಿಸಬೇಡಿ, ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ ಆದರೆ ಮರೆಯುವುದೂ ಇಲ್ಲ. ಒಂದು ಕೂಟದಲ್ಲಿ ಆಗಲೇ ಎರಡು ಅಕಾರ್ಡಿಯನ್ ಇದ್ದರೆ ಮೂರನೆಯದು ಜಾಸ್ತಿಯೇ. ಫೋನ್‌ನಲ್ಲಿ ರೆಕಾರ್ಡ್ ಮಾಡುವ ಮೊದಲು ಒಂದು ಮಾತು ಕೇಳಿ. ಧಾಟಿಯ ಹೆಸರು ಕೇಳಿದರೆ ಖುಷಿಯಿಂದ ಹೇಳುತ್ತಾರೆ, ಅರ್ಧ ಜನಕ್ಕೆ ಹೆಸರೇ ಗೊತ್ತಿರುವುದಿಲ್ಲ ಅನ್ನುವುದು ಬೇರೆ ಮಾತು.

ಜುಲೈನಲ್ಲಿ ರಜೆ ಸಿಕ್ಕರೆ ಕ್ಲೇರ್‌ನ ಮಿಲ್‌ಟೌನ್ ಮಾಲ್ಬೇಗೆ ಹೋಗಿ. ವಿಲ್ಲಿ ಕ್ಲಾನ್ಸಿ ಬೇಸಿಗೆ ಶಾಲೆ, 1973ರಿಂದ ನಡೆಯುತ್ತಿದೆ. ಬೆಳಗ್ಗೆ ಪಾಠ, ಮಧ್ಯಾಹ್ನದಿಂದ ಊರಿನ ಎಲ್ಲ ಪಬ್, ಅಡುಗೆಮನೆ, ಬೀದಿ ಎಲ್ಲ ಕಡೆ ಸೆಷನ್. ಬಟನ್ ಅಕಾರ್ಡಿಯನ್‌ಗೆ ಬೇರೆಯೇ ತರಗತಿ ಇದೆ.

ಮತ್ತೆ ಡೇಲಿ ಕಡೆ ಕಿವಿ ಹೋಗುತ್ತಿದೆ ಅಂತ ಬರೆದಿದ್ದೀರಿ. ಹಾಗಾದರೆ ಸಿ ಶಾರ್ಪ್/ಡಿಯೇ ತಗೊಳ್ಳಿ, ಕಿವಿ ಒಪ್ಪದ ಪೆಟ್ಟಿಗೆ ಮೂಲೆ ಸೇರುತ್ತದೆ. ಕಾವೇರಿ ಅವರು ಗೆದ್ದರು.

ಕಾರ್ಕ್ ಕಾವೇರಿ ಉತ್ತರಿಸಿದ್ದು:

ಗೆದ್ದೆ ಅಂತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಜೋ ಕೂಲಿ ಅವರ ಹೆಸರು ಯಾರೂ ಎತ್ತಲಿಲ್ಲ. ಗಾಲ್ವೇಯ ಪೀಟರ್ಸ್‌ವೆಲ್‌ನವರು, ತಳ್ಳು-ಎಳೆಯ ದೊಡ್ಡಣ್ಣ. ಅಮೆರಿಕದಲ್ಲಿ ಬಹಳ ವರ್ಷ ಇದ್ದು ಕೊನೆಗಾಲಕ್ಕೆ ಊರಿಗೆ ಬಂದರು. 1973ರ ನವೆಂಬರ್‌ನಲ್ಲಿ ಊರಿನ ಲಹಿಫ್ ಪಬ್‌ನಲ್ಲಿ ನುಡಿಸಿದ್ದನ್ನು ಇನ್ನೊಬ್ಬ ಅಕಾರ್ಡಿಯನ್ ವಾದಕ ಟೋನಿ ಮೆಕ್‌ಮಹೋನ್ ರೆಕಾರ್ಡ್ ಮಾಡಿಸಿದರು, ಮುಂದಿನ ತಿಂಗಳೇ ಕೂಲಿ ತೀರಿಕೊಂಡರು. ಸ್ಟುಡಿಯೊ ಅಲ್ಲ, ಜನರ ಕೂಗು, ಕಾಲು ತಟ್ಟು, ಎಲ್ಲ ಅದರಲ್ಲೇ ಇದೆ. ಈಗಿನವರು ಎಷ್ಟೇ ಚೊಕ್ಕವಾಗಿ ನುಡಿಸಲಿ, ಅವರಲ್ಲಿ ಎಷ್ಟೋ ಜನ ಆ ರೆಕಾರ್ಡಿಗೆ ಮರಳಿ ಹೋಗುತ್ತಾರೆ. ನಿಮ್ಮ ಭಜನೆಯ ತಟ್ಟು ಅಲ್ಲಿ ಸಿಗುತ್ತದೆ ನೋಡಿ.

ರೀಡ್ ರಿಪೇರಿ ಉತ್ತರಿಸಿದ್ದು:

ಹಳೆಯದು ಕೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ. ನಾನು ಹುಬ್ಬಳ್ಳಿಯಲ್ಲಿ ಪೇಟಿ ಬಿಚ್ಚಿ ಜೋಡಿಸುವವನು, ಅಕಾರ್ಡಿಯನ್ನೂ ಕೆಲವು ಕೈಗೆ ಬಂದಿವೆ.

ಪೇಟಿಯ ಒಂದು ರೀಡ್ ಸೆಟ್‌ನಲ್ಲಿ ಒಂದು ಸ್ವರಕ್ಕೆ ಒಂದು ನಾಲಿಗೆ, ಗಾಳಿ ಒಂದೇ ಕಡೆಗೆ. ಈ ಪೆಟ್ಟಿಗೆಯಲ್ಲಿ ಒಂದು ತಗಡಿನ ಎರಡೂ ಬದಿಗೆ ಒಂದೊಂದು ನಾಲಿಗೆ. ತಳ್ಳುವಾಗ ಒಂದು ಮಿಡಿಯುತ್ತದೆ, ಎಳೆಯುವಾಗ ಇನ್ನೊಂದು. ಪಿಯಾನೊ ಅಕಾರ್ಡಿಯನ್‌ನಲ್ಲಿ ಎರಡೂ ಒಂದೇ ಸ್ವರ, ನಿಮ್ಮದರಲ್ಲಿ ಬೇರೆ ಬೇರೆ. ಮಿಡಿಯದ ಬದಿಯಿಂದ ಗಾಳಿ ಸೋರದಂತೆ ತೆಳು ತೊಗಲಿನ ಪಟ್ಟಿ ಅಂಟಿಸಿರುತ್ತಾರೆ. ಹಳೆಯ ಪೆಟ್ಟಿಗೆಯಲ್ಲಿ ಈ ತೊಗಲು ಒಣಗಿ ಸುರುಳಿ ಆಗಿರುತ್ತದೆ. ಆಗ ಸ್ವರ ತಡವಾಗಿ ಹುಟ್ಟುತ್ತದೆ, ಇಲ್ಲವೇ ಪಟಪಟ ಅನ್ನುತ್ತದೆ. ಕೊಳ್ಳುವ ಮೊದಲು ಪ್ರತಿ ಬಟನ್ ಎರಡೂ ದಿಕ್ಕಿನಲ್ಲಿ ತುಂಬಾ ಮೆಲ್ಲಗೆ ನುಡಿಸಿ ನೋಡಿ, ಜೋರಾಗಿ ನುಡಿಸಿದರೆ ಎಲ್ಲ ಚೆನ್ನಾಗಿಯೇ ಕೇಳಿಸುತ್ತದೆ. ಆಮೇಲೆ ಯಾವ ಬಟನ್ನೂ ಒತ್ತದೆ ತಿದಿಯ ಪಟ್ಟಿ ಬಿಚ್ಚಿ, ಪೆಟ್ಟಿಗೆಯನ್ನು ಒಂದು ಬದಿಯಿಂದ ಎತ್ತಿ ಹಿಡಿಯಿರಿ. ತನ್ನಷ್ಟಕ್ಕೆ ಬೇಗ ಬೇಗ ಬಾಯಿ ತೆರೆದರೆ ಎಲ್ಲೋ ಸೋರಿಕೆ ಇದೆ ಅಂತ.

ರೀಡ್ ಎಷ್ಟು ಸೆಟ್ ಇದೆ, ಅವುಗಳ ನಡುವೆ ಅಲೆ ಎಷ್ಟು ಅಂತಲೂ ಕೇಳಿ. ಪೇಟಿಯಲ್ಲಿ ಎರಡು 'ಮೇಲ್' (ಮಧ್ಯ ಸಪ್ತಕದ) ರೀಡ್ ಸೆಟ್ ಒಂಚೂರು ಹೆಚ್ಚುಕಡಿಮೆ ಶ್ರುತಿ ಮಾಡಿದರೆ ನಡುಕ ಬರುತ್ತದಲ್ಲ, ಅದೇ ಅಲೆ ಇಲ್ಲೂ. ಹಳೆಯ ಇಟಾಲಿಯನ್ ಪಾವ್ಲೊ ಸೊಪ್ರಾನಿ ಪೆಟ್ಟಿಗೆಗಳಲ್ಲಿ ಅಲೆ ಜೋರು. ಈಗಿನ ಐರಿಶ್ ನುಡಿಸುವವರಿಗೆ ಅಲೆ ಕಡಿಮೆ ಇರಬೇಕು, ಫಿಡಲ್ ಜೊತೆ ಕೂಡುವುದಕ್ಕೆ. ಶ್ರುತಿ ಬದಲಾಯಿಸಿಕೊಳ್ಳಬಹುದು, ಆದರೆ ನಾಲಿಗೆ ಕೆರೆಯುವ ಕೆಲಸ ಗೊತ್ತಿಲ್ಲದವರ ಕೈಗೆ ಕೊಡಬೇಡಿ. ಇಟಲಿಯ ಕಾಸ್ಟೆಲ್‌ಫಿದಾರ್ದೊ ಇದಕ್ಕೆ ಹೆಸರಾದ ಊರು, ಪೇಟಿ ರೀಡಿಗೆ ನಮ್ಮ ಗುಜರಾತಿನ ಪಾಲಿತಾಣಾ ಇದ್ದ ಹಾಗೆ.

ಕೊನೆಗೆ, ಊರಿಗೆ ಬರುವಾಗ ತರುವುದಾದರೆ ಎಚ್ಚರ. ಒಳಗೆ ರೀಡ್ ತಗಡುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಗದಗದ ಏಪ್ರಿಲ್ ಬಿಸಿಲಿಗೆ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಮೇಣ ಕರಗಿ ತಗಡು ಜಾರುತ್ತವೆ. ಮನೆಯೊಳಗೆ, ಗೋಡೆಯಿಂದ ದೂರ, ಪೆಟ್ಟಿಗೆ ಹೇಗೆ ಮಡಿಲಲ್ಲಿ ಕೂರುತ್ತದೋ ಹಾಗೇ ನೆಟ್ಟಗೆ ಇಡಿ, ಅಡ್ಡ ಮಲಗಿಸಿದರೆ ಆ ತೊಗಲಿನ ಪಟ್ಟಿಗಳು ಜೋತುಬೀಳುತ್ತವೆ. ತಗೊಂಡ ಮೇಲೆ ಒಳಗಿನ ಫೋಟೊ ಹಾಕಿ, ನೋಡಿ ಹೇಳುತ್ತೇನೆ.